ಪಾರ್ಶ್ವವಾಯುವಿನ ಅನಂತರದ ಅವಯವ ನೋವು: ರೋಗನಿದಾನದಲ್ಲಿ ಮೂಳೆ ಸ್ಕ್ಯಾನಿನ ಸ್ಥಾನ

ಪಾರ್ಶ್ವವಾಯುವಿಗೆ ತುತ್ತಾದ ವ್ಯಕ್ತಿ ಪ್ರಾಣಾಪಾಯದಿಂದ ಪಾರಾಗಿ ಮನೆಗೆ ಮರಳಿದ ಮೇಲೆ ಎಲ್ಲರ ಗಮನವೂ ಒಂದೇ ಪ್ರಶ್ನೆಯ ಕಡೆಗಿರುತ್ತದೆ: ಕೈಕಾಲುಗಳಿಗೆ ಮತ್ತೆ ಬಲ ಬಂದೀತೇ? ಈ ಚಿಂತೆಯ ನಡುವೆ ನೋವಿನ ದೂರು ಹಿಂದಕ್ಕೆ ಸರಿಯುವುದುಂಟು. ಕೆಲವು ವಾರಗಳಲ್ಲಿ ಬಿದ್ದುಹೋದ ಕೈಯ ಹೆಗಲು ನೋಯತೊಡಗುತ್ತದೆ, ಮುಂಗೈ ಊದಿಕೊಳ್ಳುತ್ತದೆ, ಬೆರಳುಗಳನ್ನು ಮುಟ್ಟಿದರೂ ರೋಗಿ ಕೈಯನ್ನು ಹಿಂದಕ್ಕೆಳೆದುಕೊಳ್ಳಲು ಹೆಣಗುತ್ತಾನೆ. ಲಕ್ವ ಹೊಡೆದ ಕೈಯಲ್ಲವೇ, ನೋಯದೆ ಇದ್ದೀತೇ ಎಂಬ ಸಮಾಧಾನದಲ್ಲಿ ತಿಂಗಳುಗಳು ಕಳೆದುಹೋಗುತ್ತವೆ. ಅಷ್ಟರಲ್ಲಿ ಬೆರಳುಗಳು ಬಿಗಿದು, ಚರ್ಮ ತೆಳುವಾಗಿ, ಕೀಲುಗಳು ಸೆಟೆದುಕೊಂಡಿರುತ್ತವೆ. ಮುಂದೆ ಸ್ನಾಯುಗಳಿಗೆ ಬಲ ಮರಳಿದರೂ ಅದನ್ನು ಬಳಸಿಕೊಳ್ಳುವ ಕೈಯೇ ಉಳಿದಿರುವುದಿಲ್ಲ.

ಆದುದರಿಂದ ಇಂತಹ ನೋವಿನ ಮೂಲವನ್ನು ಬೇಗನೆ ಅರಿಯುವುದು ಪುನಶ್ಚೇತನ ಚಿಕಿತ್ಸೆಯ ಮುಖ್ಯ ಹೊಣೆಗಳಲ್ಲೊಂದು. ಈ ಕಾರ್ಯದಲ್ಲಿ ನೆರವಾಗುವ ಪರೀಕ್ಷೆಗಳಲ್ಲಿ ಪರಮಾಣು ವೈದ್ಯಶಾಸ್ತ್ರದ ಮೂರು ಹಂತಗಳ ಮೂಳೆ ಸ್ಕ್ಯಾನ್ ಒಂದಾಗಿದೆ. ಆ ಪರೀಕ್ಷೆ ಏನನ್ನು ತೋರಿಸುತ್ತದೆ, ಏನನ್ನು ತೋರಿಸಲಾರದು, ಪಾರ್ಶ್ವವಾಯು ಪೀಡಿತರಲ್ಲಿ ಅದರ ಚಿತ್ರವನ್ನು ಓದುವಾಗ ಯಾವ ಎಚ್ಚರ ಅಗತ್ಯ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೋವಿನ ನಾನಾ ಮೂಲಗಳು

ಪಾರ್ಶ್ವವಾಯುವಿನ ಅನಂತರ ಕೈಕಾಲುಗಳಲ್ಲಿ ಕಾಣಿಸಿಕೊಳ್ಳುವ ನೋವು ಒಂದೇ ಬಗೆಯದಲ್ಲ. ಮೊದಲನೆಯದು ಮಿದುಳಿನಲ್ಲೇ ಹುಟ್ಟುವ ನೋವು. ಸಂವೇದನೆಗಳನ್ನು ಸಾಗಿಸುವ ಮಾರ್ಗಕ್ಕೆ, ವಿಶೇಷವಾಗಿ ಥಲಾಮಸ್ ಎಂಬ ಕೇಂದ್ರಕ್ಕೆ, ಪೆಟ್ಟಾದಾಗ ಇದು ತಲೆದೋರುತ್ತದೆ. ಫ್ರಾನ್ಸಿನ ನರರೋಗತಜ್ಞರಾದ ದೆಜೆರೀನ್ ಮತ್ತು ರೂಸಿ 1906ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಇಲ್ಲಿ ಉರಿ, ಕೊರೆತ, ತಣ್ಣನೆಯ ವಸ್ತು ತಾಗಿದರೂ ಸಹಿಸಲಾಗದ ಯಾತನೆ ಇರುತ್ತದೆಯಾದರೂ ಕೈಯ ಮೂಳೆಯಲ್ಲಾಗಲಿ ಕೀಲಿನಲ್ಲಾಗಲಿ ದೋಷವಿರುವುದಿಲ್ಲ.

ಎರಡನೆಯದು ಹೆಗಲಿನ ಯಾಂತ್ರಿಕ ನೋವು. ತೋಳಿನ ಭಾರವನ್ನು ಹೊರುವ ಸ್ನಾಯುಗಳು ಸೋತಾಗ ಭುಜದ ಕೀಲು ತನ್ನ ಗೂಡಿನಿಂದ ಕೆಳಕ್ಕೆ ಜಾರುತ್ತದೆ, ಕೀಲಿನ ಕವಚ ಬಿಗಿಯುತ್ತದೆ, ಸ್ನಾಯುರಜ್ಜುಗಳು ಹರಿಯಬಹುದು. ಸ್ನಾಯುಗಳ ಸೆಡೆತವೂ ಇದಕ್ಕೆ ಜೊತೆಗೂಡುತ್ತದೆ. ಮೂರನೆಯದು ಆಕಸ್ಮಿಕಗಳು. ಪಾರ್ಶ್ವವಾಯುವಿನ ಬಳಿಕ ಬೀಳುವ ಸಂಭವ ಹೆಚ್ಚು. ಬಳಕೆಯಿಲ್ಲದ ಭಾಗದ ಮೂಳೆ ತನ್ನ ಖನಿಜಾಂಶವನ್ನು ಕಳೆದುಕೊಂಡು ದುರ್ಬಲವಾಗಿರುತ್ತದೆ. ಹೀಗಾಗಿ ಸ್ವಾಧೀನ ತಪ್ಪಿದ ಪಾರ್ಶ್ವದಲ್ಲೇ ಸೊಂಟದ ಮೂಳೆ ಮುರಿಯುವುದು ವಿರಳವಲ್ಲ. ಕಾಲು ಊದಿಕೊಂಡು ನೋಯುತ್ತಿದ್ದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದೆಂಬ ಶಂಕೆಯೇ ಮೊದಲು ಬರಬೇಕು. ಅದರ ತಪಾಸಣೆ ಅಲ್ಟ್ರಾಸೌಂಡಿನಿಂದ ತುರ್ತಾಗಿ ನಡೆಯಬೇಕು.

ನಾಲ್ಕನೆಯದು ಹೆಗಲು ಮತ್ತು ಹಸ್ತಗಳೆರಡನ್ನೂ ಹಿಡಿಯುವ, ಆದರೆ ನಡುವಿನ ಮೊಣಕೈಯನ್ನು ಸಾಮಾನ್ಯವಾಗಿ ಬಿಟ್ಟುಬಿಡುವ ವಿಚಿತ್ರ ವ್ಯಾಧಿ. ಇದನ್ನು ಹೆಗಲು–ಹಸ್ತ ಲಕ್ಷಣಕೂಟವೆಂದು ಕರೆಯುವುದು ವಾಡಿಕೆ. ಇಂದಿನ ವೈದ್ಯಕೀಯ ಪರಿಭಾಷೆಯಲ್ಲಿ ಇದು ಸಂಕೀರ್ಣ ಪ್ರಾದೇಶಿಕ ನೋವಿನ ಲಕ್ಷಣಕೂಟದ ಮೊದಲನೆಯ ಪ್ರಭೇದ. ಮೂಳೆ ಸ್ಕ್ಯಾನಿನ ಪ್ರಸಕ್ತಿ ಮುಖ್ಯವಾಗಿ ಬರುವುದು ಇಲ್ಲಿಯೇ.

ಹೆಸರುಗಳ ಹಿಂದಿನ ಚರಿತ್ರೆ

ಈ ವ್ಯಾಧಿಯ ಹೆಸರುಗಳು ಅದರ ಬಗೆಗಿನ ತಿಳಿವಳಿಕೆ ಬೆಳೆದುಬಂದ ದಾರಿಯನ್ನು ಸೂಚಿಸುತ್ತವೆ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟಿನಿಂದ ನರಕ್ಕೆ ಪೆಟ್ಟಾದ ಸೈನಿಕರ ಉರಿನೋವನ್ನು ಸೈಲಾಸ್ ವೇರ್ ಮಿಚೆಲ್ ಮತ್ತು ಅವರ ಸಹೋದ್ಯೋಗಿಗಳು 1864ರಲ್ಲಿ ವರ್ಣಿಸಿದರು. ರಾಂಟ್‌ಗನ್ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ಐದೇ ವರ್ಷಗಳಲ್ಲಿ, ಅಂದರೆ 1900ರಲ್ಲಿ, ಜರ್ಮನಿಯ ಶಸ್ತ್ರವೈದ್ಯ ಪಾಲ್ ಸುಡೆಕ್ ಇಂತಹ ಕೈಕಾಲುಗಳ ಮೂಳೆಗಳು ತೇಪೆತೇಪೆಯಾಗಿ ಸವೆಯುವುದನ್ನು ಕ್ಷ-ಕಿರಣ ಚಿತ್ರಗಳಲ್ಲಿ ತೋರಿಸಿದರು. ಅನುವೇದನಾ ನರಮಂಡಲದ ಅತಿಯಾದ ಪ್ರತಿಕ್ರಿಯೆಯೇ ಇದಕ್ಕೆ ಕಾರಣವೆಂಬ ನಂಬಿಕೆಯಿಂದ 1946ರಲ್ಲಿ ಇವಾನ್ಸ್ ಅವರು ಪ್ರತಿವರ್ತಿತ ಅನುವೇದನಾ ಕ್ಷಯವೆಂಬ ಅರ್ಥದ ಹೆಸರನ್ನು ಬಳಕೆಗೆ ತಂದರು. ಮರುವರ್ಷ ಸ್ಟೈನ್‌ಬ್ರಾಕರ್ ಅವರು ಹೆಗಲು–ಹಸ್ತ ಲಕ್ಷಣಕೂಟವನ್ನು ವಿವರಿಸಿದರು. ಕಾರಣವನ್ನು ಖಚಿತವಾಗಿ ಹೇಳುವ ಹೆಸರುಗಳು ದಾರಿ ತಪ್ಪಿಸುತ್ತಿವೆಯೆಂದು ಮನಗಂಡ ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ 1994ರಲ್ಲಿ ಇಂದಿನ ಹೆಸರನ್ನು ಅಂಗೀಕರಿಸಿತು. ನರಕ್ಕೆ ನೇರ ಪೆಟ್ಟಿಲ್ಲದ್ದು ಮೊದಲನೆಯ ಪ್ರಭೇದ, ಪೆಟ್ಟಿರುವುದು ಎರಡನೆಯದು.

ಇದರ ನಿದಾನಕ್ಕೆ ಇಂದು ಬಳಸುವ ಮಾನದಂಡಗಳು 2003ರಲ್ಲಿ ಬುಡಾಪೆಸ್ಟ್ ನಗರದಲ್ಲಿ ನಡೆದ ತಜ್ಞರ ಸಭೆಯಲ್ಲಿ ರೂಪುಗೊಂಡವು. ಮೂಲ ಪೆಟ್ಟಿಗೆ ಮೀರಿದ ನೋವು, ಸಂವೇದನೆಯ ವೈಪರೀತ್ಯ, ಚರ್ಮದ ಬಣ್ಣ ಮತ್ತು ಉಷ್ಣತೆಯ ವ್ಯತ್ಯಾಸ, ಊತ ಅಥವಾ ಬೆವರಿನ ಏರುಪೇರು, ಚಲನೆಯ ಕುಂದು ಅಥವಾ ಕೂದಲು, ಉಗುರು, ಚರ್ಮಗಳ ಬದಲಾವಣೆ, ಇವುಗಳನ್ನು ಕ್ರಮವಾಗಿ ಪರಿಶೀಲಿಸಿ, ಬೇರೆ ರೋಗವಿಲ್ಲವೆಂದು ಖಚಿತಪಡಿಸಿಕೊಂಡು ನಿರ್ಣಯಕ್ಕೆ ಬರಬೇಕು. ಈ ಮಾನದಂಡಗಳಲ್ಲಿ ಮೂಳೆ ಸ್ಕ್ಯಾನ್ ಸೇರಿಲ್ಲ ಎಂಬುದನ್ನು ಗಮನಿಸಬೇಕು. ಆದರೆ ಪಾರ್ಶ್ವವಾಯು ಪೀಡಿತರಲ್ಲಿ ಒಂದು ತೊಡಕಿದೆ. ಚಲನೆಯ ಕುಂದು ಅವರಲ್ಲಿ ಮೊದಲೇ ಇದೆ. ಜೋತುಬಿದ್ದ ಕೈ ತನ್ನಷ್ಟಕ್ಕೇ ಊದಿಕೊಳ್ಳುತ್ತದೆ. ಸ್ಪರ್ಶಜ್ಞಾನ ಮಿದುಳಿನ ಪೆಟ್ಟಿನಿಂದಲೇ ಕೆಟ್ಟಿರುತ್ತದೆ. ಮಾತಿನ ಕೇಂದ್ರಕ್ಕೆ ಹಾನಿಯಾಗಿದ್ದರೆ ನೋವು ಎಲ್ಲಿ, ಎಂತಹುದು ಎಂದು ಹೇಳಲೂ ರೋಗಿಗೆ ಸಾಧ್ಯವಾಗದು. ಮಾನದಂಡಗಳು ಹೀಗೆ ಮಸುಕಾದೆಡೆಯಲ್ಲಿ ಶರೀರದೊಳಗಿನಿಂದ ದೊರೆಯುವ ಮತ್ತೊಂದು ಸಾಕ್ಷ್ಯಕ್ಕೆ ಬೆಲೆ ಬರುತ್ತದೆ.

ಮೂಳೆ ಸ್ಕ್ಯಾನಿನ ತತ್ತ್ವ

ಕ್ಷ-ಕಿರಣ ಚಿತ್ರ ತೋರಿಸುವುದು ಮೂಳೆಯ ಆಕಾರವನ್ನು. ಮೂಳೆ ಸ್ಕ್ಯಾನ್ ತೋರಿಸುವುದು ಮೂಳೆಯಲ್ಲಿ ನಡೆಯುತ್ತಿರುವ ಕೆಲಸವನ್ನು. ನಿರ್ಜೀವ ಕಂಬದಂತೆ ಕಾಣುವ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಮತ್ತು ಹೊಸದನ್ನು ಕಟ್ಟುವ ಜೀವಕೋಶಗಳು ಎಡೆಬಿಡದೆ ದುಡಿಯುತ್ತಿರುತ್ತವೆ. ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಸವೆತ ಕಣ್ಣಿಗೆ ಬೀಳಬೇಕಾದರೆ ಖನಿಜಾಂಶದ ಶೇ. 30ರಿಂದ 50ರಷ್ಟು ನಷ್ಟವಾಗಿರಬೇಕು. ಕೆಲಸದ ವೇಗದಲ್ಲಿ ಆಗುವ ಬದಲಾವಣೆ ಇದಕ್ಕಿಂತ ಬಹು ಮುಂಚೆಯೇ ಸ್ಕ್ಯಾನಿನಲ್ಲಿ ವ್ಯಕ್ತವಾಗುತ್ತದೆ.

ಇದಕ್ಕಾಗಿ ಬಳಸುವ ವಿಕಿರಣಶೀಲ ಧಾತು ಟೆಕ್ನೀಷಿಯಂ-99ಎಂ. ಮಾನವನು ಕೃತಕವಾಗಿ ಪಡೆದ ಮೊದಲ ಮೂಲಧಾತು ಟೆಕ್ನೀಷಿಯಂ. ಇಟಲಿಯ ಪಲೆರ್ಮೊದಲ್ಲಿ ಪೆರಿಯೆರ್ ಮತ್ತು ಸೆಗ್ರೆ 1937ರಲ್ಲಿ ಇದನ್ನು ಗುರುತಿಸಿದರು. 99ಎಂ ರೂಪದ ಅರ್ಧಾಯು ಸುಮಾರು 6 ಗಂಟೆ. ಅದು ಹೊರಸೂಸುವ ಗ್ಯಾಮಾ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್. ದೇಹದಿಂದ ಹೊರಬರುವಷ್ಟು ತೀಕ್ಷ್ಣ, ಕ್ಯಾಮೆರಾದ ಹರಳಿನಲ್ಲಿ ಸೆರೆಸಿಕ್ಕುವಷ್ಟು ಮೃದು. ಇಷ್ಟು ಅಲ್ಪಾಯುಷಿಯಾದ ವಸ್ತುವನ್ನು ದೂರದ ಆಸ್ಪತ್ರೆಗೆ ಸಾಗಿಸುವುದು ಹೇಗೆ? 66 ಗಂಟೆಗಳ ಅರ್ಧಾಯುವುಳ್ಳ ಮಾಲಿಬ್ಡಿನಂ-99 ಎಂಬ ಅದರ ತಾಯಿಧಾತುವನ್ನೇ ಸಣ್ಣ ಕಂಬದಲ್ಲಿ ತುಂಬಿ ಕಳುಹಿಸುತ್ತಾರೆ. ಆಸ್ಪತ್ರೆಯಲ್ಲಿ ದಿನವೂ ಉಪ್ಪುನೀರಿನಿಂದ ತೊಳೆದು ಹೊಸದಾಗಿ ಹುಟ್ಟಿದ ಟೆಕ್ನೀಷಿಯಂ ಅನ್ನು ಕರೆದುಕೊಳ್ಳುತ್ತಾರೆ. ಪ್ರಯೋಗಾಲಯದ ಮಂದಿ ಇದಕ್ಕೆ ಹಸುವಿನಿಂದ ಹಾಲು ಕರೆಯುವ ಹೋಲಿಕೆಯನ್ನು ಕೊಡುವುದು ಅರ್ಥಪೂರ್ಣವಾಗಿದೆ.

ಟೆಕ್ನೀಷಿಯಂ ತಾನಾಗಿ ಮೂಳೆಯನ್ನು ಅರಸಿ ಹೋಗುವುದಿಲ್ಲ. ಅದನ್ನು ಅಲ್ಲಿಗೆ ಒಯ್ಯುವ ವಾಹಕವೊಂದು ಬೇಕು. ಅಮೆರಿಕದ ಸಿರಾಕ್ಯೂಸ್‌ನಲ್ಲಿ ಗೋಪಾಲ್ ಸುಬ್ರಮಣಿಯನ್ ಮತ್ತು ಮೆಕಾಫಿ 1971ರಲ್ಲಿ ಫಾಸ್ಫೇಟ್ ಸಂಯುಕ್ತವೊಂದನ್ನು ಈ ಕಾರ್ಯಕ್ಕೆ ಬಳಸಿ ತೋರಿಸಿದರು. 1975ರಲ್ಲಿ ಸುಬ್ರಮಣಿಯನ್ ಮತ್ತು ಸಂಗಡಿಗರು ವರದಿ ಮಾಡಿದ ಮೀಥಿಲೀನ್ ಡೈಫಾಸ್ಫೋನೇಟ್ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಇದು ಹೊಸದಾಗಿ ಕಟ್ಟಲ್ಪಡುತ್ತಿರುವ ಮೂಳೆಯ ಖನಿಜ ಹರಳುಗಳ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ರಕ್ತಸಂಚಾರ ಹೆಚ್ಚಿರುವೆಡೆ, ಮೂಳೆ ಕಟ್ಟುವ ಕೆಲಸ ಬಿರುಸಾಗಿರುವೆಡೆ ಹೆಚ್ಚು ಸಂಗ್ರಹವಾಗಿ ಚಿತ್ರದಲ್ಲಿ ಗಾಢವಾಗಿ ಮೂಡುತ್ತದೆ.

ಮೂರು ಹಂತಗಳು

ಸಾಧಾರಣ ಮೂಳೆ ಸ್ಕ್ಯಾನಿನಲ್ಲಿ ಚುಚ್ಚುಮದ್ದು ಕೊಟ್ಟ ಕೆಲವು ಗಂಟೆಗಳ ಅನಂತರದ ಚಿತ್ರವೊಂದೇ ಸಾಕು. ಅವಯವ ನೋವಿನ ತಪಾಸಣೆಯಲ್ಲಿ ಮೂರು ಹೊತ್ತಿನ ಚಿತ್ರಗಳು ಬೇಕು. ಔಷಧವನ್ನು ರಕ್ತನಾಳಕ್ಕೆ ಕೊಡುತ್ತಿರುವಂತೆಯೇ ಎರಡೂ ಕೈಗಳನ್ನು ಕ್ಯಾಮೆರಾದ ಮುಂದಿರಿಸಿ, ಸುಮಾರು ಒಂದು ನಿಮಿಷದವರೆಗೆ ಕೆಲವು ಸೆಕೆಂಡುಗಳಿಗೊಂದರಂತೆ ಚಿತ್ರಗಳನ್ನು ತೆಗೆಯುವುದು ಮೊದಲ ಹಂತ. ರಕ್ತ ಎಷ್ಟು ವೇಗವಾಗಿ ಯಾವ ಕೈಗೆ ಹರಿಯಿತೆಂಬುದು ಇದರಿಂದ ತಿಳಿಯುತ್ತದೆ. ಮುಂದಿನ ಐದು ಹತ್ತು ನಿಮಿಷಗಳೊಳಗೆ ತೆಗೆಯುವ ಎರಡನೆಯ ಹಂತದ ಚಿತ್ರ, ಮೃದು ಅಂಗಾಂಶಗಳಲ್ಲಿ ನಿಂತಿರುವ ರಕ್ತದ ಪ್ರಮಾಣವನ್ನು ತಿಳಿಸುತ್ತದೆ. ಎರಡರಿಂದ ನಾಲ್ಕು ಗಂಟೆಗಳ ಅನಂತರದ ಮೂರನೆಯ ಹಂತದಲ್ಲಿ ಮೂಳೆಯ ಚಿತ್ರ ಸ್ಪಷ್ಟವಾಗುತ್ತದೆ.

ಹೆಗಲು–ಹಸ್ತ ಲಕ್ಷಣಕೂಟದ ಗುರುತು ಮುಖ್ಯವಾಗಿ ಮೂರನೆಯ ಹಂತದಲ್ಲಿದೆ. ಮಣಿಕಟ್ಟು, ಅಂಗೈಮೂಳೆಗಳು ಬೆರಳುಗಳೊಡನೆ ಸೇರುವ ಗೆಣ್ಣುಗಳು, ಬೆರಳಿನ ಸಣ್ಣ ಕೀಲುಗಳು, ಇವೆಲ್ಲವುಗಳ ಸುತ್ತ ವ್ಯಾಪಕವಾಗಿ ಸಂಗ್ರಹ ಹೆಚ್ಚಿರುತ್ತದೆ. ಒಂದೇ ಕೀಲಿನಲ್ಲಿ ಅಥವಾ ಒಂದೇ ಬಿಂದುವಿನಲ್ಲಿ ಕಾಣುವ ಗಾಢತೆಗೆ ಈ ಅರ್ಥವಿಲ್ಲ. ಅದು ಮುರಿತ, ಸೋಂಕು ಅಥವಾ ಸಂಧಿವಾತವನ್ನು ಸೂಚಿಸಬಹುದು. ಕಾಲವೂ ಚಿತ್ರವನ್ನು ಬದಲಿಸುತ್ತದೆ. ಆರಂಭದ ತಿಂಗಳುಗಳಲ್ಲಿ ಮೂರೂ ಹಂತಗಳು ಹೆಚ್ಚಳವನ್ನು ತೋರಿಸಬಹುದು. ಆಮೇಲೆ ರಕ್ತಸಂಚಾರ ಸಹಜಕ್ಕೆ ಮರಳಿ ಮೂಳೆಯ ಹಂತವಷ್ಟೇ ಗಾಢವಾಗಿ ಉಳಿಯುತ್ತದೆ. ಹಳೆಯದಾದ ವ್ಯಾಧಿಯಲ್ಲಿ ಎಲ್ಲವೂ ಸಹಜವಾಗಿ ಅಥವಾ ಸಹಜಕ್ಕಿಂತ ಕಡಿಮೆಯಾಗಿ ಕಾಣಬಹುದು. ವರ್ಷ ಕಳೆದ ಮೇಲೆ ಮಾಡಿಸಿದ ಸ್ಕ್ಯಾನ್ ಸಹಜವಾಗಿದೆಯೆಂದು ರೋಗಿಯ ನೋವನ್ನು ಅಲ್ಲಗಳೆಯುವುದು ಇದರಿಂದಲೇ ಅನ್ಯಾಯವಾಗುತ್ತದೆ.

ಸ್ವಾಧೀನವಿಲ್ಲದ ಕೈಯ ಚಿತ್ರವನ್ನು ಓದುವ ಬಗೆ

ಮೆಕಿನನ್ ಮತ್ತು ಹೋಲ್ಡರ್ 1984ರಲ್ಲಿ ಕೈನೋವಿನ ರೋಗಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಮೂರನೆಯ ಹಂತದ ಸೂಕ್ಷ್ಮಗ್ರಾಹಿತ್ವ ಶೇ. 96ರಷ್ಟಿತ್ತು. ಮುಂದಿನ ಅಧ್ಯಯನಗಳಲ್ಲಿ ಇಷ್ಟು ಉತ್ತಮ ಫಲಿತಾಂಶ ಮರುಕಳಿಸಲಿಲ್ಲ. ವ್ಯಾಧಿಯ ವ್ಯಾಖ್ಯೆ, ಅದರ ಅವಧಿ, ಹೋಲಿಕೆಗೆ ಆಯ್ದ ರೋಗಿಗಳು ಬದಲಾದಂತೆ ಅಂಕಿಅಂಶಗಳೂ ಬದಲಾಗುತ್ತವೆ.

ಪಾರ್ಶ್ವವಾಯುವಿಗೇ ಸಂಬಂಧಿಸಿದಂತೆ ಅದೇ 1984ರಲ್ಲಿ ಕೆನಡಾದ ಟೊರಾಂಟೊದಿಂದ ಟೆಪರ್‌ಮನ್, ಗ್ರೇಸನ್ ಮತ್ತು ಸಂಗಡಿಗರು ನೀಡಿದ ವರದಿ ಇಂದಿಗೂ ಉಪಯುಕ್ತವಾಗಿದೆ. ಅವರು ಅರ್ಧಾಂಗದ ಸ್ವಾಧೀನ ಕಳೆದುಕೊಂಡ 85 ರೋಗಿಗಳನ್ನು, ಆಯ್ಕೆ ಮಾಡದೆ ಬಂದವರನ್ನು ಬಂದ ಕ್ರಮದಲ್ಲೇ, ಸ್ಕ್ಯಾನಿಗೆ ಒಳಪಡಿಸಿದರು. ಸುಮಾರು ಕಾಲುಭಾಗದವರಲ್ಲಿ ಈ ವ್ಯಾಧಿಯ ಗುರುತು ಕಂಡಿತು. ಜೊತೆಗೆ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ವ್ಯಾಧಿಯಿಲ್ಲದ ರೋಗಿಗಳಲ್ಲಿ ಬಳಕೆಯ ಅಭಾವದಿಂದಲೇ ಸ್ವಾಧೀನವಿಲ್ಲದ ಕೈಗೆ ರಕ್ತಸಂಚಾರ ಕಡಿಮೆಯಾಗಿರಬಹುದು. ಆಗ ಎರಡೂ ಕೈಗಳ ನಡುವಣ ವ್ಯತ್ಯಾಸವನ್ನು ಕಂಡು ಒಳ್ಳೆಯ ಕೈಯಲ್ಲೇ ಹೆಚ್ಚಳವಿದೆಯೆಂದು ಭ್ರಮಿಸುವ ಸಾಧ್ಯತೆಯಿದೆ. ವ್ಯತಿರಿಕ್ತವಾಗಿ, ವ್ಯಾಧಿಯಿಂದಾದ ಹೆಚ್ಚಳವನ್ನು ನಿಶ್ಚಲತೆಯಿಂದಾದ ಇಳಿಕೆ ಮುಚ್ಚಿಹಾಕಲೂಬಹುದು. ಆದಕಾರಣ ಮೊದಲೆರಡು ಹಂತಗಳಿಗಿಂತ ಮೂರನೆಯ ಹಂತದಲ್ಲಿ ಕೀಲುಗಳ ಸುತ್ತಣ ಚಿತ್ರಕ್ಕೆ ಹೆಚ್ಚಿನ ಮನ್ನಣೆ ಸಲ್ಲಬೇಕು.

ಅದೇ ವರದಿಯ ಮತ್ತೊಂದು ಅಂಶ ಪ್ರತಿಯೊಬ್ಬ ವೈದ್ಯನೂ, ದಾದಿಯೂ ನೆನಪಿಡತಕ್ಕದ್ದು. ಅಂಗೈಮೂಳೆಗಳು ಬೆರಳುಗಳೊಡನೆ ಸೇರುವ ಗೆಣ್ಣುಗಳನ್ನು ಮೃದುವಾಗಿ ಅದುಮಿದಾಗ ನೋವಾಗುವುದೆಂಬ ಸರಳ ಚಿಹ್ನೆ, ಸ್ಕ್ಯಾನಿನ ತೀರ್ಮಾನಕ್ಕೆ ಬಹು ಹತ್ತಿರವಾಗಿತ್ತು. ಅದರ ಸೂಕ್ಷ್ಮಗ್ರಾಹಿತ್ವ ಶೇ. 85.7, ನಿರ್ದಿಷ್ಟತೆ ಶೇ. 100. ಸ್ಕ್ಯಾನನ್ನೇ ಒರೆಗಲ್ಲಾಗಿಟ್ಟುಕೊಂಡು ಈ ಲೆಕ್ಕ ಹಾಕಿರುವುದರಿಂದ ಅದಕ್ಕೊಂದು ಮಿತಿಯಿದೆ ಎಂಬುದು ನಿಜ. ಆದರೂ ಮಾತು ಬಾರದ ರೋಗಿಯ ಮುಖದಲ್ಲಿ ಮೂಡುವ ಯಾತನೆಯ ಗೆರೆಯೂ ಒಂದು ಸಾಕ್ಷ್ಯವೆಂಬುದನ್ನು ಈ ಅಂಕಿಗಳು ಸಮರ್ಥಿಸುತ್ತವೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದು.

ಎಲ್ಲಿ ಅಗತ್ಯ, ಎಲ್ಲಿ ಅನಗತ್ಯ

ಲಕ್ಷಣಗಳೂ ಚಿಹ್ನೆಗಳೂ ಸ್ಪಷ್ಟವಾಗಿದ್ದರೆ ಸ್ಕ್ಯಾನಿಗಾಗಿ ಕಾಯದೆ ಚಿಕಿತ್ಸೆಯನ್ನು ಆರಂಭಿಸುವುದೇ ಯುಕ್ತ. ಚಿತ್ರ ಸಹಜವಾಗಿದ್ದ ಮಾತ್ರಕ್ಕೆ ವ್ಯಾಧಿಯಿಲ್ಲವೆಂದು ಹೇಳಲಾಗದು. ಚಿತ್ರ ಗಾಢವಾಗಿದ್ದ ಮಾತ್ರಕ್ಕೆ ನೋವಿನ ಕಾರಣವೆಲ್ಲ ಅದೇ ಎಂದೂ ಹೇಳಲಾಗದು. ಸ್ಕ್ಯಾನಿನ ನಿಜವಾದ ಉಪಯೋಗ ಸಂದೇಹದ ಸಂದರ್ಭಗಳಲ್ಲಿದೆ. ಬಿದ್ದ ಅನಂತರ ಸೊಂಟ ನೋಯುತ್ತಿದ್ದು ಕ್ಷ-ಕಿರಣ ಚಿತ್ರದಲ್ಲಿ ಮುರಿತ ಕಾಣದಿದ್ದಾಗ ಸ್ಕ್ಯಾನ್ ಅದನ್ನು ಹೊರಗೆಡಹಬಹುದು. ವೃದ್ಧರಲ್ಲಿ ಬದಲಾವಣೆ ಮೂಡಲು ಎರಡು ಮೂರು ದಿನಗಳು ಬೇಕಾಗಬಹುದೆಂಬುದನ್ನು ಮಾತ್ರ ಮರೆಯಬಾರದು. ಇಂತಹ ಮುರಿತಕ್ಕೆ ಎಂ.ಆರ್.ಐ. ಹೆಚ್ಚು ಉತ್ತಮವಾದರೂ ಪೇಸ್‌ಮೇಕರ್ ಅಳವಡಿಸಿಕೊಂಡ ಹಲವರಿಗೆ ಅದು ಸುಲಭಸಾಧ್ಯವಲ್ಲ. ಮೂಳೆ ಸ್ಕ್ಯಾನಿಗೆ ಆ ಅಡ್ಡಿಯಿಲ್ಲ. ಸ್ನಾಯುಗಳ ನಡುವೆ ಅಸ್ಥಾನದಲ್ಲಿ ಮೂಳೆ ಬೆಳೆಯುವ ತೊಡಕನ್ನೂ, ಹಿಂದೆ ಕ್ಯಾನ್ಸರ್ ಇದ್ದವರಲ್ಲಿ ಮೂಳೆಗೆ ಹರಡಿದ ಗಂಟುಗಳನ್ನೂ ಇದು ಪತ್ತೆಹಚ್ಚಬಲ್ಲದು. ಮಿದುಳಿನಲ್ಲೇ ಹುಟ್ಟುವ ನೋವಿನಲ್ಲಿ ಇದು ಏನನ್ನೂ ತೋರಿಸದು. ಆ ಮೌನವೂ ಕೆಲವೊಮ್ಮೆ ಉಪಯುಕ್ತ ಉತ್ತರವಾಗುತ್ತದೆ.

ಪರೀಕ್ಷೆಯ ಕ್ರಮ ಮತ್ತು ಸುರಕ್ಷತೆ

ಪರೀಕ್ಷೆಗೆ ಉಪವಾಸ ಬೇಕಿಲ್ಲ. ಚುಚ್ಚುಮದ್ದನ್ನು ನೋವಿಲ್ಲದ ಕೈಗೆ ಅಥವಾ ಕಾಲಿನ ನಾಳಕ್ಕೆ ಕೊಡಬೇಕು. ಕಟ್ಟಿದ ಪಟ್ಟಿಯನ್ನು ಮೊದಲೇ ಸಡಿಲಿಸಿ ಕೆಲಹೊತ್ತು ಬಿಡಬೇಕು, ಇಲ್ಲದಿದ್ದರೆ ಆ ಕೈಗೆ ರಕ್ತ ನುಗ್ಗಿ ಹೋಲಿಕೆಯೇ ಕೆಡುತ್ತದೆ. ಸೆಡೆತದಿಂದ ಮುಷ್ಟಿ ಬಿಗಿದ ಕೈಯನ್ನು ಕ್ಯಾಮೆರಾದ ಮೇಲೆ ಚಪ್ಪಟೆಯಾಗಿ ಇರಿಸುವುದು ಕಷ್ಟ. ಮಡಚಿದ ಬೆರಳುಗಳು ಒಂದರ ಮೇಲೊಂದು ಬಿದ್ದು ಇಲ್ಲದ ಗಾಢತೆಯನ್ನು ತೋರಿಸುತ್ತವೆ. ಆದಕಾರಣ ಎರಡೂ ಕೈಗಳನ್ನು ಒಂದೇ ಭಂಗಿಯಲ್ಲಿ, ಒಂದೇ ದೂರದಲ್ಲಿ ಇರಿಸುವ ತಾಳ್ಮೆ ತಂತ್ರಜ್ಞನಿಗಿರಬೇಕು. ಚುಚ್ಚುಮದ್ದಿನ ಬಳಿಕ ರೋಗಿಗೆ ಸಾಕಷ್ಟು ನೀರು ಕುಡಿಸಬೇಕು. ನುಂಗಲು ತೊಂದರೆಯಿರುವವರ ವಿಷಯದಲ್ಲಿ ಅದಕ್ಕೂ ಎಚ್ಚರ ಬೇಕು. ಮೂಳೆಗೆ ಅಂಟದ ಔಷಧವೆಲ್ಲ ಮೂತ್ರದ ಮೂಲಕ ಹೊರಹೋಗುವುದರಿಂದ ಸೋರಿದ ಮೂತ್ರ ಬಟ್ಟೆಗೆ ತಾಗಿದರೆ ಚಿತ್ರದಲ್ಲಿ ಸುಳ್ಳು ಕಲೆ ಮೂಡುತ್ತದೆ.

ವಿಕಿರಣದ ಭಯ ಸಹಜವಾದದ್ದೇ. ವಯಸ್ಕರಿಗೆ ಸಾಮಾನ್ಯವಾಗಿ ಕೊಡುವ 740 ಮೆಗಾಬೆಕರೆಲ್ ಪ್ರಮಾಣದಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 4 ಮಿಲಿಸೀವರ್ಟ್. ಅಂದರೆ ನೆಲ, ಗಾಳಿ, ಆಕಾಶಗಳಿಂದ ಯಾರಿಗಾದರೂ ಎರಡು ವರ್ಷಗಳೊಳಗೆ ಸಹಜವಾಗಿ ದೊರೆಯುವಷ್ಟು. ಒಂದು ದಿನ ಕಳೆಯುವಷ್ಟರಲ್ಲಿ ಔಷಧದ ವಿಕಿರಣಶೀಲತೆ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಮುಂಚಿತವಾಗಿ ತಿಳಿಸಬೇಕು. ಇಷ್ಟಾಗಿಯೂ ಅಗತ್ಯವಿಲ್ಲದ ಪರೀಕ್ಷೆಗೆ ಅಲ್ಪ ವಿಕಿರಣವೂ ಹೆಚ್ಚೇ, ಖರ್ಚೂ ಪ್ರಯಾಣದ ಆಯಾಸವೂ ಹೆಚ್ಚೇ.

ನಿದಾನದಿಂದ ಚಿಕಿತ್ಸೆಯೆಡೆಗೆ

ಬೇಗನೆ ಗುರುತಿಸಿದುದರ ಫಲ ಚಿಕಿತ್ಸೆಯಲ್ಲಿ ಕಾಣುತ್ತದೆ. ಜರ್ಮನಿಯ ಬ್ರೌಸ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಪಾವಧಿಯ ಸ್ಟೀರಾಯ್ಡ್ ಚಿಕಿತ್ಸೆ ಪಡೆದ 34 ಮಂದಿಯಲ್ಲಿ 31 ಮಂದಿ ಬಹುಮಟ್ಟಿಗೆ ಲಕ್ಷಣಮುಕ್ತರಾದರು. ಲಖನೌದ ಕಲಿತಾ, ವಾಜಪೇಯಿ ಮತ್ತು ಮಿಶ್ರಾ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾರ್ಶ್ವವಾಯುವಿನ ಅನಂತರ ಈ ವ್ಯಾಧಿಗೀಡಾದ 60 ಮಂದಿ ಇದ್ದರು. ಪ್ರೆಡ್ನಿಸೊಲೋನ್ ಪಡೆದವರಲ್ಲಿ ಶೇ. 83.3 ಮಂದಿ ಸುಧಾರಿಸಿದರೆ, ಪೈರಾಕ್ಸಿಕ್ಯಾಮ್ ಎಂಬ ಸಾಮಾನ್ಯ ನೋವುನಿವಾರಕ ಪಡೆದವರಲ್ಲಿ ಶೇ. 16.7 ಮಂದಿಯಷ್ಟೇ ಸುಧಾರಿಸಿದರು. ಪಾರ್ಶ್ವವಾಯು ಪೀಡಿತರಲ್ಲಿ ಮಧುಮೇಹ, ಅಧಿಕ ರಕ್ತದೊತ್ತಡ ಇರುವವರೇ ಹೆಚ್ಚಾದುದರಿಂದ ಸ್ಟೀರಾಯ್ಡನ್ನು ವೈದ್ಯರ ನಿಗಾ ಇಲ್ಲದೆ ಬಳಸುವಂತಿಲ್ಲ. ಮೂಳೆಯ ಸವೆತವನ್ನು ತಡೆಯುವ ಬಿಸ್‌ಫಾಸ್ಫೋನೇಟ್ ಔಷಧಗಳೂ ಈ ವ್ಯಾಧಿಯಲ್ಲಿ ಬಳಕೆಯಲ್ಲಿವೆ. ಸ್ಕ್ಯಾನಿನಲ್ಲಿ ಟೆಕ್ನೀಷಿಯಂ ಅನ್ನು ಮೂಳೆಗೆ ಒಯ್ಯುವ ವಾಹಕವೂ ಇದೇ ರಾಸಾಯನಿಕ ಕುಲಕ್ಕೆ ಸೇರಿದ್ದೆಂಬುದು ಸ್ವಾರಸ್ಯದ ಸಂಗತಿ.

ಔಷಧಕ್ಕಿಂತ ಹಿರಿದಾದುದು ಆರೈಕೆಯ ರೀತಿ. ಬ್ರೌಸ್ ಅವರ ಅಧ್ಯಯನದಲ್ಲೇ, ಸ್ವಾಧೀನವಿಲ್ಲದ ಹೆಗಲಿಗೆ ಪೆಟ್ಟಾಗದಂತೆ ಮೊದಲ ದಿನದಿಂದ ರೋಗಿಗೂ ಬಂಧುಗಳಿಗೂ ಆರೈಕೆದಾರರಿಗೂ ತಿಳಿವಳಿಕೆ ನೀಡಿದಾಗ ಈ ವ್ಯಾಧಿಯ ಪ್ರಮಾಣ ಶೇ. 27ರಿಂದ ಶೇ. 8ಕ್ಕೆ ಇಳಿಯಿತು. 1990ರಲ್ಲಿ ಕುಮಾರ್ ಮತ್ತು ಸಂಗಡಿಗರು ವರದಿ ಮಾಡಿದಂತೆ, ತಲೆಯ ಮೇಲಿನ ರಾಟೆಗೆ ಹಗ್ಗ ಕಟ್ಟಿ ತೋಳನ್ನು ಎಳೆಯುವ ವ್ಯಾಯಾಮ ಮಾಡಿದವರಲ್ಲಿ ಶೇ. 62 ಮಂದಿಗೆ ಹೆಗಲುನೋವು ಬಂದರೆ, ಚಿಕಿತ್ಸಕರ ಕೈಯಲ್ಲಿ ಮೃದುವಾಗಿ ಕೀಲುಗಳನ್ನಾಡಿಸಿಕೊಂಡವರಲ್ಲಿ ಶೇ. 8 ಮಂದಿಗೆ ಮಾತ್ರ ಬಂತು. ನಮ್ಮ ಮನೆಗಳಲ್ಲಿ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವಾಗ ಬಿದ್ದುಹೋದ ಕೈಯನ್ನೇ ಹಿಡಿದು ಎಳೆಯುವುದು, ಎಣ್ಣೆ ಹಚ್ಚಿ ಬಲವಾಗಿ ನೀವಿ ತಿರುಚುವುದು ಪ್ರೀತಿಯಿಂದ ಮಾಡುವ ಸೇವೆಯೇ ಆದರೂ ಹಾನಿಯ ದಾರಿ. ಬೆನ್ನಿಗೂ ಸೊಂಟಕ್ಕೂ ಆಸರೆ ಕೊಟ್ಟು ಎಬ್ಬಿಸಬೇಕು. ಕುಳಿತಾಗ ತೋಳಿನ ಕೆಳಗೆ ದಿಂಬಿರಬೇಕು.

ಉಪಸಂಹಾರ

ಮೂಳೆ ಸ್ಕ್ಯಾನ್ ನೋವನ್ನು ಅಳೆಯುವ ಸಾಧನವಲ್ಲ. ನೋಯುವ ಅವಯವದಲ್ಲಿ ರಕ್ತವೂ ಮೂಳೆಯೂ ಹೇಗೆ ವರ್ತಿಸುತ್ತಿವೆಯೆಂಬುದನ್ನು ತಿಳಿಸುವುದಷ್ಟೇ ಅದರ ಕೆಲಸ. ಪಾರ್ಶ್ವವಾಯು ಯಾವಾಗ ಆಯಿತು, ಕೈ ಎಷ್ಟು ನಿಶ್ಚಲವಾಗಿದೆ, ಊತ ಎಂದು ಕಾಣಿಸಿತು, ಗೆಣ್ಣನ್ನು ಅದುಮಿದಾಗ ರೋಗಿ ಏನು ಮಾಡಿದ ಎಂಬ ವಿವರಗಳನ್ನು ಒಳಗೊಂಡ ಕೋರಿಕೆಯೊಡನೆ ಹೋದ ರೋಗಿಗೆ ಅದರಿಂದ ಉಪಯುಕ್ತ ಉತ್ತರ ದೊರೆಯುತ್ತದೆ. ಬರಿಯ ಕೈನೋವು ಎಂಬ ಒಂದೇ ಮಾತು ಬರೆದ ಚೀಟಿಯೊಡನೆ ಹೋದವನಿಗೆ ಅಷ್ಟೇ ಅಸ್ಪಷ್ಟವಾದ ವರದಿ ಬರುತ್ತದೆ. ಗ್ಯಾಮಾ ಕ್ಯಾಮೆರಾ ಎಲ್ಲ ಊರುಗಳಲ್ಲೂ ಇಲ್ಲ. ಊದಿದ ಕೈಯನ್ನು ಕಂಡೊಡನೆ ಮುಟ್ಟಿ ನೋಡುವ, ಆ ನೋವನ್ನು ನಂಬುವ, ತಡಮಾಡದೆ ಮುಂದಿನ ಹೆಜ್ಜೆಯಿಡುವ ಕ್ರಮವಾದರೂ ಎಲ್ಲ ಊರುಗಳಲ್ಲಿ ಇರಬೇಕು.